ಡೆಂಗ್ಯೂ ಸೊಳ್ಳೆ ಮತ್ತು ನಮ್ಮ ಮನೆಯ ಏಳು ಪಾತ್ರೆಗಳು

ನಾನು ಕಾಮರ್ಸ್ ವಿಭಾಗದವಳು. ಡೆಂಗ್ಯೂ ಬಗ್ಗೆ ಬರೆಯುವುದು ಸೈನ್ಸ್‌ನವರ ಕೆಲಸ ಎಂದು ಗೆಳತಿಯರು ನಕ್ಕರು. ಆದರೆ ಕಳೆದ ಮಳೆಗಾಲದಲ್ಲಿ ಡೆಂಗ್ಯೂ ಬಂದದ್ದು ನಮ್ಮ ಮನೆಗೆ, ಹನ್ನೊಂದು ವರ್ಷದ ನನ್ನ ತಂಗಿಗೆ. ಆಗ ಡಾಕ್ಟರ್, ನರ್ಸ್, ಆಶಾ ಕಾರ್ಯಕರ್ತೆ ಇವರಿಂದ ಕೇಳಿ ತಿಳಿದದ್ದನ್ನು, ಆಮೇಲೆ ಓದಿ ಖಚಿತ ಮಾಡಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಕನ್ನಡ ನನ್ನ ಮನೆಮಾತಲ್ಲ. ತಪ್ಪುಗಳನ್ನು ಕನ್ನಡ ಮೇಡಂ ತಿದ್ದಿರುತ್ತಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ತಂಗಿಗೆ ಜ್ವರ ಬರುವ ಎರಡು ವಾರ ಮೊದಲು ಆಶಾ ಕಾರ್ಯಕರ್ತೆ ಲಾರ್ವಾ ನೋಡಲು ನಮ್ಮ ಮನೆಗೆ ಬಂದಿದ್ದರು. ಬಾಗಿಲು ತೆಗೆದವಳು ನಾನು. ಮರುದಿನ ಅಕೌಂಟೆನ್ಸಿ ಟೆಸ್ಟ್ ಇತ್ತು. "ನಮ್ಮ ಮನೆ ಕ್ಲೀನ್ ಇದೆ, ಚರಂಡಿ ನೋಡಿ" ಎಂದು ಹೊಸಿಲಿನಿಂದಲೇ ಕಳಿಸಿಬಿಟ್ಟೆ. ಅವರು ಏನೂ ಅನ್ನದೆ ಮುಂದಿನ ಮನೆಗೆ ಹೋದರು.

ಚರಂಡಿ ಎಂದದ್ದೇ ನನ್ನ ಮೊದಲ ತಪ್ಪು ತಿಳುವಳಿಕೆ. ಕೊಳಕು ನೀರಿನಲ್ಲಿ ಹೆಚ್ಚಾಗಿ ಬೆಳೆಯುವುದು ಕ್ಯೂಲೆಕ್ಸ್ ಎಂಬ ಬೇರೆ ಸೊಳ್ಳೆ. ಡೆಂಗ್ಯೂ ಹರಡುವುದು ಈಡಿಸ್ ಈಜಿಪ್ಟೈ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ. ಇದಕ್ಕೆ ಬೇಕಾದದ್ದು ಮನೆಯ ಒಳಗೆ, ಸುತ್ತಮುತ್ತ ನಿಂತ ತಿಳಿ ನೀರು. ನಾವು ಕುಡಿಯಲು, ವುಜೂ ಮಾಡಲು ಹಿಡಿದಿಡುವಂಥ ನೀರು! ನಮ್ಮ ಓಣಿಗೆ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಆದ್ದರಿಂದ ಡ್ರಮ್, ಕೊಡ, ಬಕೆಟ್ ಎಲ್ಲವೂ ತುಂಬಿಯೇ ಇರುತ್ತವೆ. ನೀರು ಹಿಡಿದಿಡಬೇಡಿ ಎಂದು ಹೇಳುವವರು ನಮ್ಮಂಥ ಓಣಿಯಲ್ಲಿ ಒಂದು ವಾರ ಇದ್ದು ನೋಡಬೇಕು. ಹಿಡಿಯಲೇಬೇಕು, ಆದರೆ ಮುಚ್ಚಿಡಬೇಕು.

ಎರಡನೆಯ ತಪ್ಪು ತಿಳುವಳಿಕೆ ಅಬ್ಬಾ ಅವರದು. ರಾತ್ರಿ ತಪ್ಪದೆ ಕಾಯಿಲ್ ಹಚ್ಚುತ್ತಿದ್ದರು. ಈಡಿಸ್ ಕಚ್ಚುವುದು ಹಗಲಿನಲ್ಲಿ, ಹೆಚ್ಚಾಗಿ ಬೆಳಿಗ್ಗೆ ಮತ್ತು ಸೂರ್ಯ ಮುಳುಗುವ ಮೊದಲು. ಅಂದರೆ ನಾವು ಯೂನಿಫಾರ್ಮ್ ಹಾಕಿಕೊಳ್ಳುವ ಹೊತ್ತು, ತಂಗಿ ಸಂಜೆ ಅಂಗಳದಲ್ಲಿ ಆಡುವ ಹೊತ್ತು. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆಗೆ ರಕ್ತ ಬೇಕಾದ್ದರಿಂದ. ಸೋಂಕಿನ ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನಗಳಲ್ಲಿ ಜ್ವರ ಶುರುವಾಗುತ್ತದೆ.

ತಂಗಿಗೆ ಸೋಮವಾರ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು. ಮಂಗಳವಾರ ಎನ್ಎಸ್1 ಪರೀಕ್ಷೆ ಮಾಡಿಸಿದೆವು, ಪಾಸಿಟಿವ್. ಈ ಪರೀಕ್ಷೆ ಮೊದಲ ಐದು ದಿನಗಳಲ್ಲಿ ಉಪಯುಕ್ತ. ಅದರ ನಂತರ ಐಜಿಎಂ ಪರೀಕ್ಷೆ ಮಾಡುತ್ತಾರೆ. ಡೆಂಗ್ಯೂ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ ಎಂದು ಡಾಕ್ಟರ್ ಹೇಳಿದಾಗ ಅಮ್ಮಿಗೆ ನಂಬಿಕೆಯೇ ಬರಲಿಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ, ಹೇಳಿದ ಅಳತೆಯಲ್ಲಿ. ಆಸ್ಪಿರಿನ್, ಐಬುಪ್ರೊಫೆನ್ ಕೊಡಲೇಬಾರದು, ರಕ್ತಸ್ರಾವ ಹೆಚ್ಚಾಗಬಹುದು. ಓಆರ್‌ಎಸ್, ಗಂಜಿ, ಎಳನೀರು ಕೊಡುತ್ತಿರಬೇಕು. ಹಗಲಿನಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಬೇಕು, ಯಾಕೆಂದರೆ ಈಗ ಅವಳನ್ನು ಕಚ್ಚಿದ ಸೊಳ್ಳೆ ಕೆಲವು ದಿನಗಳ ನಂತರ ಇನ್ನೊಬ್ಬರಿಗೆ ರೋಗ ಕೊಡುತ್ತದೆ.

ಶುಕ್ರವಾರ ಬೆಳಿಗ್ಗೆ ಜ್ವರ ಇಳಿಯಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ಅಬ್ಬಾ ಅಂಗಡಿ ತೆರೆದರು, ದಾದಿ ಶುಕ್ರಾನಾ ನಮಾಜ್ ಓದಿದರು, ನಾನು ಕಾಲೇಜಿಗೆ ಬಂದೆ. ಸಂಜೆ ಮನೆಗೆ ಹೋದಾಗ ತಂಗಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ಮೂರು ಸಲ ವಾಂತಿ ಆಗಿತ್ತು. ಕೈಕಾಲು ತಣ್ಣಗಿದ್ದವು. ಜ್ವರವೇ ಇಲ್ಲವಲ್ಲ, ಏನೋ ತಿಂದಿರಬೇಕು ಎಂದು ಅಮ್ಮಿ ಸೋಡಾ ಕುಡಿಸುತ್ತಿದ್ದರು. ಡಾಕ್ಟರ್ ಕೊಟ್ಟ ಚೀಟಿಯ ಹಿಂಭಾಗದಲ್ಲಿ ನರ್ಸ್ ಬರೆದುಕೊಟ್ಟದ್ದು ನನಗೆ ಆಗ ನೆನಪಾಯಿತು: ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ತುಂಬ ಸುಸ್ತು, ಚಡಪಡಿಕೆ, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಬನ್ನಿ. ಆಟೋ ಹಿಡಿದು ಹೋದೆವು.

ಈ ಭಾಗವನ್ನು ದಯವಿಟ್ಟು ಎಲ್ಲರೂ ಎರಡು ಸಲ ಓದಿ. ಡೆಂಗ್ಯೂನಲ್ಲಿ ಅಪಾಯದ ಸಮಯ ಜ್ವರ ಜೋರಾಗಿರುವಾಗ ಅಲ್ಲ, ಜ್ವರ ಇಳಿದ ಮೇಲಿನ ಒಂದೆರಡು ದಿನ. ಸಾಮಾನ್ಯವಾಗಿ ಅದು ಮೂರರಿಂದ ಏಳನೆಯ ದಿನದ ಒಳಗೆ ಬರುತ್ತದೆ. ಆಗ ಸಣ್ಣ ರಕ್ತನಾಳಗಳಿಂದ ಪ್ಲಾಸ್ಮಾ ಎಂಬ ನೀರಿನಂಶ ಹೊರಗೆ ಸೋರುತ್ತದೆ. ರಕ್ತ ಗಟ್ಟಿಯಾಗುತ್ತದೆ, ಬಿಪಿ ಬೀಳುತ್ತದೆ. ನಮ್ಮ ಸಂಬಂಧಿಕರೆಲ್ಲ ಫೋನ್ ಮಾಡಿ ಕೇಳಿದ್ದು ಪ್ಲೇಟ್‌ಲೆಟ್ ಎಷ್ಟು ಎಂದು ಮಾತ್ರ, ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ. ಡಾಕ್ಟರ್ ಮಾತ್ರ ರಕ್ತ ಎಷ್ಟು ಗಟ್ಟಿಯಾಗಿದೆ, ಬಿಪಿ ಎಷ್ಟು, ಮೂತ್ರ ಹೋಗುತ್ತಿದೆಯೇ ಎಂದು ನೋಡುತ್ತಿದ್ದರು. ಒಬ್ಬರು ಪಪ್ಪಾಯಿ ಎಲೆಯ ರಸ ತಂದರು. ವಾಂತಿ ಮಾಡುತ್ತಿರುವ ಮಗುವಿಗೆ ಅದನ್ನು ಕುಡಿಸಬೇಡಿ ಎಂದು ನರ್ಸ್ ವಾಪಸ್ ಕಳಿಸಿದರು. ಡ್ರಿಪ್ ಹಾಕಿ ನಾಲ್ಕು ದಿನ ಇಟ್ಟುಕೊಂಡರು. ಅಲ್ಲಾಹನ ದಯೆ, ಅವಳು ಹುಷಾರಾದಳು.

ಅವಳು ಆಸ್ಪತ್ರೆಯಲ್ಲಿದ್ದಾಗಲೇ ಅದೇ ಆಶಾ ಕಾರ್ಯಕರ್ತೆ ಮತ್ತೆ ಬಂದರು. ಈ ಸಲ ಟಾರ್ಚ್ ಹಿಡಿದು ನಾನೇ ಕರೆದುಕೊಂಡು ಹೋದೆ. ಡ್ರಮ್, ಕೂಲರ್, ವುಜೂ ಬಕೆಟ್, ಮನಿ ಪ್ಲಾಂಟ್ ಬಾಟಲಿ, ಫ್ರಿಜ್ ಹಿಂದಿನ ತಟ್ಟೆ, ಒಡೆದ ಬಕೆಟ್, ತಾರಸಿಯ ಮೇಲೆ ಪಾರಿವಾಳಗಳಿಗೆ ದಾದಿ ಇಡುವ ಮಣ್ಣಿನ ಬಟ್ಟಲು. ಒಟ್ಟು ಏಳು. ಮೂರರಲ್ಲಿ ಹುಳು ಕುಣಿಯುತ್ತಿದ್ದವು: ಫ್ರಿಜ್ ತಟ್ಟೆ, ಒಡೆದ ಬಕೆಟ್, ದಾದಿಯ ಬಟ್ಟಲು. ಈ ಸೊಳ್ಳೆ ಕೆಲವು ನೂರು ಮೀಟರ್‌ಗಿಂತ ದೂರ ಹಾರುವುದು ಅಪರೂಪ ಎಂದು ಅವರು ಹೇಳಿದಾಗ ನನಗೆ ತಲೆ ಎತ್ತಲು ಆಗಲಿಲ್ಲ.

ದಾದಿ ಮೊದಲು ಒಪ್ಪಲಿಲ್ಲ. "ಹಕ್ಕಿಗೆ ನೀರಿಡುವುದು ಸವಾಬ್, ಅದರಿಂದ ಬಿಮಾರಿ ಹೇಗೆ ಬರುತ್ತದೆ?" ಎಂದರು. ಬಟ್ಟಲು ತೆಗೆಯಬೇಕಿಲ್ಲ, ಎರಡು ದಿನಕ್ಕೊಮ್ಮೆ ಚೆಲ್ಲಿ ಉಜ್ಜಿ ಮತ್ತೆ ತುಂಬಿದರೆ ಸಾಕು ಎಂದು ಆಶಾ ಕಾರ್ಯಕರ್ತೆ ವಿವರಿಸಿದರು. ಉಜ್ಜುವುದು ಮುಖ್ಯ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೂ ಆ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತವೆ, ನಮ್ಮ ಬ್ಯಾಂಕಿಂಗ್ ಪಾಠದ ಡಾರ್ಮೆಂಟ್ ಅಕೌಂಟ್ ಹಾಗೆ. ನೀರು ಬಿದ್ದರೆ ಮತ್ತೆ ಚಾಲೂ. ಮೊಟ್ಟೆಯಿಂದ ಸೊಳ್ಳೆ ಆಗಲು ಸುಮಾರು ಏಳರಿಂದ ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆಯಾದರೂ ಎಲ್ಲ ಪಾತ್ರೆ ಖಾಲಿ ಮಾಡಿ ಉಜ್ಜಬೇಕು. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೆ ಲಾರ್ವಾ ತಿನ್ನುವ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡುತ್ತಾರೆ. ನಮ್ಮ ಮಸೀದಿಯ ಹೌಜ್‌ನಲ್ಲಿ ಮೀನುಗಳಿವೆ, ಚಿಕ್ಕವಳಿದ್ದಾಗ ಅವು ಅಂದಕ್ಕೆ ಎಂದುಕೊಂಡಿದ್ದೆ.

ದುಡ್ಡಿನ ಲೆಕ್ಕವನ್ನೂ ಹೇಳಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದು ನಿಯಮ ಮಾಡಿತು. ನಮಗೆ ಯಾರೂ ದಂಡ ಹಾಕಲಿಲ್ಲ. ಆಸ್ಪತ್ರೆ ಬಿಲ್ಲು ಮತ್ತು ಅಬ್ಬಾ ಅಂಗಡಿ ಮುಚ್ಚಿದ ದಿನಗಳನ್ನು ಕೂಡಿಸಿದರೆ 400 ರೂಪಾಯಿ ಬಹಳ ಸಸ್ತಾ.

ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎಂದು ತಿಳಿಯಬೇಡಿ. ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ವಿಧ. ತಂಗಿಗೆ ಈಗ ಒಂದರಿಂದ ಮಾತ್ರ ರಕ್ಷಣೆ. ಬೇರೆ ವಿಧ ಎರಡನೆಯ ಸಲ ಬಂದರೆ ರೋಗ ತೀವ್ರವಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ ನಮ್ಮ ಮನೆಯಲ್ಲಿ ಶುಕ್ರವಾರ ಪಾತ್ರೆ ಉಜ್ಜುವ ದಿನ. ಡ್ರಮ್ ನನ್ನದು, ಫ್ರಿಜ್ ತಟ್ಟೆ ತಂಗಿಯದು, ಬಟ್ಟಲು ಮಾತ್ರ ದಾದಿ ಯಾರಿಗೂ ಬಿಟ್ಟುಕೊಡುವುದಿಲ್ಲ.

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡ್ ಹಿಂದೆ ಎರಡು ಹಳೆಯ ಟೈರ್ ಬಿದ್ದಿವೆ. ಗುರುವಾರ ಲಂಚ್‌ನಲ್ಲಿ ನೀರು ಚೆಲ್ಲಿ ಗೋಡೆಗೆ ಒರಗಿಸಿಟ್ಟೆ, ಆದರೆ ಮಳೆ ಬಂದರೆ ಮತ್ತೆ ತುಂಬುತ್ತವೆ. ಒಳಗೆ ಸಾಗಿಸಲು ಇಬ್ಬರು ಬೇಕು. ಯಾರಾದರೂ ಬರುವುದಾದರೆ ಸೆಕೆಂಡ್ ಪಿಯುಸಿ ಕಾಮರ್ಸ್ ಕ್ಲಾಸಿನಲ್ಲಿ ಹೇಳಿ.