ರಾಗಿ ಹೊಲದ ಮೇಲೆ ರಣಹದ್ದು



ಕಳೆದ ನವೆಂಬರಿನಲ್ಲಿ ಒಂದು ದಿನ, ಬೆಳಗಿನ ಬಿಸಿಲೇರುವ ಹೊತ್ತಿಗೆ ತಾಳವಾಡಿಯ ಬಳಿ ಕೊಯ್ಲಾದ ರಾಗಿ ಹೊಲದ ಮೇಲೆ ದೊಡ್ಡ ಹಕ್ಕಿಯೊಂದು ರೆಕ್ಕೆ ಬಡಿಯದೆ ತೇಲುತ್ತಿರುವುದನ್ನು ಕಂಡೆವು. ಹೊರಳಿದಾಗ ಬೆನ್ನಿನ ಕೆಳಭಾಗ ಬೆಳ್ಳಗೆ ಕಾಣಿಸಿತು. ಬಿಳಿ ಬೆನ್ನಿನ ರಣಹದ್ದು! ಮೋಯಾರ್ ಕಣಿವೆಯಲ್ಲಿ ಇವು ಗೂಡು ಕಟ್ಟುತ್ತವೆಂದು ಬಲ್ಲೆವು. ಇಲ್ಲಿ ಕಾಣುವೆವೆಂದು ಎಣಿಸಿರಲಿಲ್ಲ.

ನಮ್ಮ ಬಾಲ್ಯದಲ್ಲಿ ದನ ಸತ್ತರೆ ಇವು ಗುಂಪಾಗಿ ಇಳಿದು ಮೂಳೆ ಮಾತ್ರ ಉಳಿಸುತ್ತಿದ್ದವು. 1990ರ ದಶಕದಲ್ಲಿ ಬಹುತೇಕ ಅಳಿದವು. ಕಾರಣ, ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್. ಆ ಔಷಧಿ ಪಡೆದು ಸತ್ತ ದನವನ್ನು ತಿಂದ ಹದ್ದು ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಹದ್ದಿಲ್ಲದಿದ್ದರೆ ಸತ್ತ ದನ ಕೊಳೆತು ನೀರು ಕೆಡುತ್ತದೆ. ಬೀದಿನಾಯಿಗಳು ಹೆಚ್ಚಿ, ಹುಚ್ಚುನಾಯಿ ಕಡಿತದ ಭಯವೂ ಹೆಚ್ಚುತ್ತದೆ.

ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ಸರಕಾರ 2006ರಲ್ಲಿ ನಿಷೇಧಿಸಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನೂ ನಿಷೇಧಿಸಿತು. ನಾವು ಮಾಡಬೇಕಾದದ್ದು ಇಷ್ಟು:

1. ಮನುಷ್ಯರಿಗೆಂದು ಮಾರುವ ಡೈಕ್ಲೋಫೆನಾಕ್ ಅನ್ನು ದನಕ್ಕೆ ಚುಚ್ಚಿಸಬಾರದು.
2. ಪಶುವೈದ್ಯರಲ್ಲಿ ಮೆಲಾಕ್ಸಿಕ್ಯಾಮ್ ಬಗ್ಗೆ ಕೇಳಬೇಕು; ಅದು ಹದ್ದಿಗೆ ಹಾನಿ ಮಾಡದು.
3. ಚಿರತೆಯ ಮೇಲಿನ ಸಿಟ್ಟಿಗೆ ಸತ್ತ ದನಕ್ಕೆ ವಿಷ ಹಾಕಬಾರದು.

ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕೊಟ್ಟಿಗೆಯಲ್ಲಿ ಸೂಜಿ ಹಿಡಿಯುವ ಮುನ್ನ ಅದು ನೆನಪಿರಲಿ.