ಬೆಸುಗೆ

ಮಂಡ್ಯ ಜಿಲ್ಲೆಯ ನಾಗಮಂಗಲವು ಹಿಂದಿನಿಂದಲೂ ಲೋಹದ ಕೆಲಸಕ್ಕೆ ಹೆಸರಾದ ಊರು. ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಬೀದಿಗಳಲ್ಲಿ ಒಂದು ಕಾಲಕ್ಕೆ ಕಲಾಯಿಗಾರನ ಕೂಗು ಕೇಳಿಬರುತ್ತಿತ್ತು. ಆತನು ತಿದಿಯೊತ್ತಿ, ಇದ್ದಿಲ ಕೆಂಡದ ಮೇಲೆ ತಾಮ್ರದ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯೆರಚಿ ತವರವನ್ನು ಸವರಿದೊಡನೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಹವ್ಯಾಸಕ್ಕಾಗಿ ರೇಡಿಯೋ ಮುಂತಾದ ಉಪಕರಣಗಳನ್ನು ಜೋಡಿಸುವವರು ಹಾಕುವ ಬೆಸುಗೆಯಲ್ಲಿ ಅಡಗಿರುವುದೂ ಇದೇ ತತ್ತ್ವ.

1935ರಲ್ಲಿ, ಶ್ರೀರಂಗಪಟ್ಟಣಕ್ಕೆ ಸಮೀಪದ ಮೈಸೂರಿನಲ್ಲಿ, ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವೊಂದನ್ನು ಆರಂಭಿಸಿದರು. ಅದೇ ಮುಂದೆ 'ಆಕಾಶವಾಣಿ' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಬಾನುಲಿ ಯಂತ್ರ ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಅದರೊಳಗಿನ ಒಂದು ಸಂಧಿ ಸಡಿಲವಾದರೂ ಧ್ವನಿ ಅಡಗಿಹೋಗುತ್ತದೆ.

ತಾಮ್ರವು ಕರಗಲು ಸುಮಾರು 1085 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ತವರ 63 ಭಾಗ, ಸೀಸ 37 ಭಾಗ ಸೇರಿದ ಮಿಶ್ರಲೋಹವಾದರೋ 183 ಡಿಗ್ರಿಯಲ್ಲಿಯೇ ಕರಗುತ್ತದೆ. ಆದುದರಿಂದ ಭಾಗಗಳಿಗೆ ಹಾನಿಯಾಗದಂತೆ ಅವನ್ನು ಕೂಡಿಸಬಹುದು. ಲೋಹದ ಮೇಲಿನ ಕಿಲುಬು ತವರವನ್ನು ಅಂಟಗೊಡದು. ಕಲಾಯಿಗಾರನಿಗೆ ಕಿಲುಬನ್ನು ಕಳೆಯಲು ನವಸಾಗರವಿತ್ತು. ವಿದ್ಯುತ್ ಕೆಲಸದಲ್ಲಿ ಅದು ಸಲ್ಲದು. ಉಳಿದ ನವಸಾಗರವು ಸೂಕ್ಷ್ಮ ತಂತಿಗಳನ್ನು ಕ್ರಮೇಣ ತಿಂದುಬಿಡುತ್ತದೆ. ಅದಕ್ಕಾಗಿ ಪೈನ್ ಮರದ ರಾಳವನ್ನು ಬಳಸುವರು. ಬೆಸುಗೆಯ ತಂತಿಯ ನಡುವಿನ ಪೊಳ್ಳಿನಲ್ಲಿಯೇ ರಾಳವನ್ನು ತುಂಬಿರುತ್ತಾರೆ.

ಉಪಕರಣಗಳು ಕೆಲವೇ: ಸುಮಾರು 25 ವ್ಯಾಟಿನ ಸಾಲ್ಡರಿಂಗ್ ಐರನ್, ಅದನ್ನಿಡುವ ನಿಲುವು, ಒದ್ದೆ ಸ್ಪಂಜು, ಚಿಮಟ, ತಂತಿ ಕತ್ತರಿಸುವ ಇಕ್ಕಳ. ಐರನ್ನಿನ ತುದಿ ಕಾದೊಡನೆ ಅದಕ್ಕೂ ಒಂದಿಷ್ಟು ತವರ ಸವರಬೇಕು. ಇದೂ ಒಂದು ಕಲಾಯಿಯೇ. ತರುವಾಯ ತುದಿಯನ್ನು ಸಂಧಿಗೆ ತಾಗಿಸಿ ತಂತಿಯನ್ನೂ ಫಲಕವನ್ನೂ ಒಮ್ಮೆಲೇ ಕಾಯಿಸಬೇಕು. ಬೆಸುಗೆಯ ತಂತಿಯನ್ನು ಐರನ್ನಿಗೆ ಒತ್ತದೆ ಕಾದ ಸಂಧಿಗೇ ತಾಗಿಸಬೇಕು. ಅದು ಕರಗಿ ಹರಡಿದ ಮೇಲೆ ಮೊದಲು ತಂತಿಯನ್ನೂ, ಬಳಿಕ ಐರನ್ನನ್ನೂ ತೆಗೆಯಬೇಕು. ತಣಿಯುವವರೆಗೆ ಸಂಧಿ ಅಲುಗಬಾರದು. ಈ ಸೀಸದ ಬೆಸುಗೆ ಚೆನ್ನಾಗಿ ಕೂಡಿದ್ದರೆ ಹೊಳೆಯುತ್ತ ಇಳಿಜಾರಾಗಿ ಹರಡಿರುತ್ತದೆ. ಕಾವು ಸಾಲದೆ ಉಳಿದುದು ಮಂಕಾಗಿ ಉಂಡೆಗಟ್ಟಿರುತ್ತದೆ. ಇಂತಹ ಸಂಧಿ ಕಣ್ಣಿಗೆ ಕೂಡಿದಂತೆ ಕಂಡರೂ ವಿದ್ಯುತ್ತಿಗೆ ಆತಂಕವೊಡ್ಡುತ್ತದೆ.

ಸೀಸವು ವಿಷ. ಅಡುಗೆಯ ಪಾತ್ರೆಯ ಕಲಾಯಿಗೆ ಸೀಸ ಬೆರೆಸುವುದು ಅಪಾಯಕರವಾದುದು ಇದರಿಂದಲೇ. 2006ರಿಂದ ಯೂರೋಪಿನ ರಾಷ್ಟ್ರಗಳು ಹೆಚ್ಚಿನ ವಿದ್ಯುನ್ಮಾನ ಸಾಮಗ್ರಿಗಳಲ್ಲಿ ಸೀಸವನ್ನು ನಿರ್ಬಂಧಿಸಿವೆ. ತವರ, ಬೆಳ್ಳಿ, ತಾಮ್ರಗಳ ಮಿಶ್ರಲೋಹವೂ ಈಗ ದೊರೆಯುತ್ತದೆ. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ಯಾವ ಬೆಸುಗೆಯಾದರೂ ಗಾಳಿಯಾಡುವ ಸ್ಥಳದಲ್ಲಿ ಕುಳಿತು, ರಾಳದ ಹೊಗೆಯಿಂದ ಮುಖವನ್ನು ದೂರವಿರಿಸಿ, ಕಣ್ಣಿಗೆ ಕನ್ನಡಕ ಧರಿಸಿ ಹಾಕಬೇಕು. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈತೊಳೆಯದೆ ಏನನ್ನೂ ತಿನ್ನಬಾರದು.

ಪಾತ್ರೆ ಹದವಾಗಿ ಕಾಯುವ ಮುನ್ನ ಕಲಾಯಿಗಾರನು ತವರವನ್ನು ಮುಟ್ಟುತ್ತಿರಲಿಲ್ಲ. ಆ ತಾಳ್ಮೆಯೇ ಬೆಸುಗೆಯ ಮೊದಲ ಪಾಠ.