ಸಭೆಯ ಹೊಣೆಯೂ ಒಂದು ಅಮಾನತ್

ಸತ್ಯವಿಶ್ವಾಸಿಗಳ ಗುಣಗಳನ್ನು ವಿವರಿಸುವಾಗ ಪವಿತ್ರ ಕುರ್‌ಆನ್ ಪರಸ್ಪರ ಸಮಾಲೋಚನೆಯನ್ನು ನಮಾಝ್ ಮತ್ತು ದಾನಗಳ ನಡುವೆ ಇರಿಸಿದೆ (ಅಶ್ಶೂರಾ: 38). ಇಷ್ಟು ಉನ್ನತ ಸ್ಥಾನವಿರುವ ಕಾರ್ಯವನ್ನು ಹೇಗೋ ನಡೆಸಿ ಮುಗಿಸುವುದು ಸರಿಯಲ್ಲ.

ಇಂದು ಊರಿನವರೂ ಕೊಲ್ಲಿ ರಾಷ್ಟ್ರಗಳಲ್ಲಿರುವ ಬಂಧುಗಳೂ ಆನ್‌ಲೈನ್ ವಿಚಾರಗೋಷ್ಠಿಗಳಲ್ಲಿ ಒಟ್ಟುಗೂಡುತ್ತಾರೆ. ವರದಕ್ಷಿಣೆ, ಮಕ್ಕಳ ಶಿಕ್ಷಣ, ಝಕಾತ್ ಸಂಗ್ರಹ ಮುಂತಾದ ಗಂಭೀರ ವಿಷಯಗಳು ಚರ್ಚೆಗೆ ಬರುತ್ತವೆ. ಆದರೆ ಭಾಷಣಕಾರರ ಹೆಸರು ನಿರ್ಧಾರವಾದೊಡನೆ ಸಿದ್ಧತೆ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ಉಳಿದ ಕೆಲಸಗಳು ಚಿಕ್ಕವೆಂದು ಎಣಿಸಲ್ಪಡುತ್ತವೆ.

ಚಿಕ್ಕದೆಂದು ಕಾಣುವ ಹೊಣೆ ಎಷ್ಟು ದೊಡ್ಡದೆಂಬುದಕ್ಕೆ ಉಹುದ್ ಸಾಕ್ಷಿ. ಹಿಜರಿ 3ರಲ್ಲಿ (ಕ್ರಿ.ಶ. 625) ಪ್ರವಾದಿ(ಸ)ರು ಅಬ್ದುಲ್ಲಾ ಬಿನ್ ಜುಬೈರ್(ರ)ರ ನಾಯಕತ್ವದಲ್ಲಿ 50 ಬಿಲ್ಲುಗಾರರನ್ನು ಗುಡ್ಡದ ಮೇಲೆ ನಿಲ್ಲಿಸಿ, ಗೆದ್ದರೂ ಸೋತರೂ ಸ್ಥಳ ಬಿಡಬಾರದೆಂದು ಆದೇಶಿಸಿದ್ದರು. ಗೆಲುವು ಕಂಡೊಡನೆ ಹೆಚ್ಚಿನವರು ಕೆಳಗಿಳಿದರು. ಯುದ್ಧದ ಗತಿಯೇ ಬದಲಾಯಿತು. ಆದರೂ ಅವರನ್ನು ಕ್ಷಮಿಸಬೇಕೆಂದೂ ಅವರೊಡನೆ ಸಮಾಲೋಚನೆ ನಡೆಸಬೇಕೆಂದೂ ಅಲ್ಲಾಹನು ಪ್ರವಾದಿ(ಸ)ರಿಗೆ ಆಜ್ಞಾಪಿಸಿದನು (ಆಲು ಇಮ್ರಾನ್: 159). ತಪ್ಪು ಸಂಭವಿಸಿತೆಂದು ಸಮಾಲೋಚನೆಯನ್ನು ಕೈಬಿಡುವಂತಿಲ್ಲ.

ಆದ್ದರಿಂದ ಗೋಷ್ಠಿಗೆ ಮೊದಲೇ ಒಟ್ಟಿಗೆ ಕುಳಿತು ಹೊಣೆಗಳನ್ನು ಹಂಚಿಕೊಳ್ಳಬೇಕು:

1. ಸಂಚಾಲಕರು: ಸಮಯ ಗೊತ್ತುಪಡಿಸಿ ಎಲ್ಲರಿಗೂ ತಿಳಿಸುವವರು. ನಮ್ಮಲ್ಲಿ ರಾತ್ರಿ 9.30 ಆದಾಗ ದುಬೈಯಲ್ಲಿ 8.00, ಸೌದಿಯಲ್ಲಿ 7.00 ಗಂಟೆ. ಎಲ್ಲ ಕಡೆಯ ನಮಾಝ್ ವೇಳೆಯನ್ನೂ ಗಮನಿಸಬೇಕು.

2. ಚರ್ಚೆ ನಡೆಸುವವರು: ಸ್ವಂತ ಭಾಷಣ ಮಾಡದೆ, ಪ್ರತಿಯೊಬ್ಬರಿಗೂ ನ್ಯಾಯವಾಗಿ ಸಮಯ ಕೊಡುವವರು. ಹಿರಿಯರಾದರೂ ಮಿತಿ ಮೀರಿದಾಗ ವಿನಯದಿಂದ ನಿಲ್ಲಿಸುವ ಧೈರ್ಯ ಬೇಕು.

3. ಪ್ರಶ್ನೆಗಳನ್ನು ಓದುವವರು: ಒಬ್ಬ ತಾಯಿ ತನ್ನ ಮಗಳಿಗೆ ಬಂದ ವರದಕ್ಷಿಣೆಯ ಬೇಡಿಕೆಯ ಕುರಿತು ಸಂಕೋಚ ಬಿಟ್ಟು ಬರೆದು ಕೇಳಿರಬಹುದು. ಅದನ್ನು ಬದಿಗೆ ಸರಿಸಿದರೆ ಆಕೆ ಇನ್ನೊಮ್ಮೆ ಕೇಳಲಾರಳು. ಪ್ರಶ್ನೆಯ ಅರ್ಥ ಕೆಡಿಸದೆ, ಹೆಸರು ಬಹಿರಂಗಪಡಿಸದೆ ಓದಬೇಕು. ಈ ಹೊಣೆಯನ್ನು ಒಬ್ಬ ಸಹೋದರಿಗೂ ವಹಿಸುವುದು ಉತ್ತಮ.

4. ತಾಂತ್ರಿಕ ಹೊಣೆ: ಧ್ವನಿ, ಸಂಪರ್ಕಗಳನ್ನು ಮುಂಚಿತವಾಗಿ ಪರೀಕ್ಷಿಸಿ, ಕೊನೆಯವರೆಗೂ ಸ್ಥಳ ಬಿಡದವರು. ಇವರಿಗೆ ಬದಲಿಯಾಗಿ ಇನ್ನೊಬ್ಬರಿರಲಿ.

5. ವರದಿಗಾರರು: ತೀರ್ಮಾನಗಳನ್ನೂ ಅವನ್ನು ಯಾರು, ಎಂದಿನೊಳಗೆ ಮಾಡಬೇಕೆಂಬುದನ್ನೂ ಬರೆದಿಡುವವರು.

ಅಮಾನತ್ತನ್ನು ಅರ್ಹರಿಗೇ ಒಪ್ಪಿಸಬೇಕೆಂಬುದು ಅಲ್ಲಾಹನ ಆಜ್ಞೆ (ಅನ್ನಿಸಾ: 58). ಶ್ರೀಮಂತಿಕೆ, ಬಂಧುತ್ವಗಳು ಇಲ್ಲಿ ಮಾನದಂಡವಲ್ಲ. ಪ್ರತಿಯೊಬ್ಬನೂ ತನ್ನ ಹೊಣೆಯ ಕುರಿತು ಪ್ರಶ್ನಿಸಲ್ಪಡುವನೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ವೇದಿಕೆಯಲ್ಲಿ ಕಾಣಿಸಿಕೊಂಡವನಿಗೂ ತೆರೆಯ ಹಿಂದೆ ದುಡಿದವನಿಗೂ ಅಲ್ಲಾಹನ ಬಳಿ ಪ್ರತಿಫಲ ಸಿಗುವುದು ಅವರವರ ನಿಯ್ಯತ್ತಿನ ಪ್ರಕಾರವೇ. ನಮಗೆ ವಹಿಸಲಾದ ಅಮಾನತ್ತನ್ನು ಪೂರ್ಣಗೊಳಿಸುವ ತೌಫೀಕನ್ನು ಅಲ್ಲಾಹನು ದಯಪಾಲಿಸಲಿ, ಆಮೀನ್.